ನೆಗಡಿಯ ದಿನಗಳಿಗೆ ಮನೆಯ ಕಷಾಯ

'ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ' ಎಂಬ ಗಾದೆಯನ್ನು ಕಟ್ಟಿದವರು ಈ ವ್ಯಾಧಿಯ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದಿರಬೇಕು. ಸಾಮಾನ್ಯವಾಗಿ ಇದು ಪ್ರಾಣಕ್ಕೆ ಸಂಚಕಾರ ತರುವ ರೋಗವಲ್ಲ. ಆದರೂ ಬಂದ ನಾಲ್ಕು ದಿನ ಊಟಕ್ಕೆ ರುಚಿಯಿಲ್ಲ, ನಿದ್ರೆಗೆ ಸುಖವಿಲ್ಲ, ಮಾತಿಗೆ ಸ್ವರವಿಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ವಾರ ಕಳೆಯುವುದರೊಳಗೆ ಉಳಿದವರೆಲ್ಲರನ್ನೂ ವಿಚಾರಿಸಿಕೊಂಡೇ ಹೋಗುವುದು. ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂದು ಹಾಸ್ಯ ಮಾಡುವುದುಂಟು. ಆ ಹಾಸ್ಯದಲ್ಲಿ ಸತ್ಯಾಂಶವಿದೆ. ಆದರೆ ಆ ಏಳು ದಿನಗಳನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ನಮ್ಮ ಮನೆಗಳ ಕಷಾಯ ಆ ಪ್ರಶ್ನೆಗೆ ದೊರೆತ ಹಳೆಯ ಉತ್ತರ.

ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತಂಪು ಹವೆ ಹೆಸರಾದದ್ದು. ನೆಗಡಿಯೂ ಈ ಊರಿಗೆ ಹೊಸ ಅತಿಥಿಯಲ್ಲ. ನಮ್ಮ ದೇಶದಲ್ಲಿ ಫ್ಲೂ ಜ್ವರ ವರ್ಷಕ್ಕೆ ಎರಡು ಬಾರಿ ತಲೆಯೆತ್ತುತ್ತದೆ. ಜನವರಿಯಿಂದ ಮಾರ್ಚಿಯವರೆಗೆ ಒಮ್ಮೆ. ಮಳೆಗಾಲದಲ್ಲಿಯೂ ಅದರ ಬೆನ್ನಿಗೂ ಮತ್ತೊಮ್ಮೆ. ಸಾಧಾರಣ ನೆಗಡಿಯನ್ನು ತರಬಲ್ಲ ವೈರಾಣುಗಳಂತೂ ೨೦೦ಕ್ಕೂ ಹೆಚ್ಚು. ಮಳೆಯಲ್ಲಿ ನೆನೆದ ಮಾತ್ರಕ್ಕೆ ನೆಗಡಿ ಹುಟ್ಟದು. ವೈರಾಣು ಇರಬೇಕು, ಅದನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವ ಮುಚ್ಚಿದ ಕೋಣೆ ಇರಬೇಕು.

ಅಂಥ ಕೋಣೆಗಳಿಗೆ ನಗರದ ಅಂಚಿನಲ್ಲಿ ಈಗ ಕೊರತೆಯಿಲ್ಲ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಕೃಷಿ ವಸಾಹತುವಾಗಿ ಆರಂಭವಾದ ವೈಟ್‌ಫೀಲ್ಡ್ ಇಂದು ಗಾಜಿನ ಸೌಧಗಳ ಊರು. ೧೯೭೦ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯದಲ್ಲಿ ಬೀದಿಗೊಂದು ಕಾರ್ಖಾನೆ. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ ಸಿಟಿಗೆ ಪ್ರತಿದಿನವೂ ಜನಸಾಗರವೇ ಹರಿದು ಬರುತ್ತದೆ. ಶಿರಸಿಯವರು, ರಾಯಚೂರಿನವರು, ಕಾಸರಗೋಡಿನವರು, ಕನ್ನಡವನ್ನೇ ಅರಿಯದ ದೂರದ ರಾಜ್ಯಗಳವರು, ಎಲ್ಲರೂ ಒಂದೇ ಹವಾನಿಯಂತ್ರಿತ ಸಭಾಂಗಣದಲ್ಲಿ ಕುಳಿತು, ಒಂದೇ ಬಸ್ಸಿನಲ್ಲಿ ಹಿಂದಿರುಗುತ್ತಾರೆ. ಒಬ್ಬರ ಸೀನು ಅನೇಕರ ಸೊತ್ತಾಗಲು ಇದಕ್ಕಿಂತ ಅನುಕೂಲ ಬೇರೆ ಬೇಕೆ?

'ಹಿತ್ತಲ ಗಿಡ ಮದ್ದಲ್ಲ' ಎಂದು ಹಿರಿಯರು ಹೇಳುತ್ತಿದ್ದರು. ಇಲ್ಲಿ ಹಿತ್ತಲೇ ಇಲ್ಲ. ಹತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ದೊಡ್ಡಪತ್ರೆ ಕುಂಡವಿದ್ದರೆ ಅದೇ ತೋಟ. ಪಿ.ಜಿ. ಎಂದು ಕರೆಯುವ ಬಾಡಿಗೆಯ ವಸತಿಗಳಲ್ಲಿ ಒಲೆಯೂ ಇಲ್ಲ; ವಿದ್ಯುತ್ ಕೆಟಲ್ ಒಂದೇ ಅಡಿಗೆಮನೆ. ಇಷ್ಟರಲ್ಲಿಯೇ ಕಷಾಯ ಮಾಡಿಕೊಳ್ಳಲು ಸಾಧ್ಯವೇ? ಮಾಡಿಕೊಂಡರೆ ಅದರಿಂದ ಎಷ್ಟನ್ನು ನಿರೀಕ್ಷಿಸಬಹುದು? ಈ ಎರಡನ್ನೂ ತಿಳಿದುಕೊಳ್ಳುವುದು ಅವಶ್ಯ.

ಕಷಾಯ ಮಾಡುವುದೇನು?

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಷಾಯವು ನೆಗಡಿಯ ವೈರಾಣುವನ್ನು ಕೊಲ್ಲುತ್ತದೆಂಬುದಕ್ಕೆ ಆಧಾರವಿಲ್ಲ. ಆ ಕೆಲಸವನ್ನು ನಮ್ಮ ದೇಹವೇ ಮಾಡಿಕೊಳ್ಳುತ್ತದೆ. ಕಷಾಯ ನೆಗಡಿಯನ್ನು ಕಳೆಯದು. ನೆಗಡಿಯ ದಿನಗಳನ್ನು ಕಳೆಯಲು ನೆರವಾಗುತ್ತದೆ. ಈ ನೆರವೇನೂ ಅಲ್ಪವಲ್ಲ.

೨೦೦೮ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾನಿಲಯದ ನೆಗಡಿ ಸಂಶೋಧನಾ ಕೇಂದ್ರದಲ್ಲಿ ನೆಗಡಿಯಾಗಿದ್ದ ೩೦ ಮಂದಿಗೆ ಒಂದೇ ಹಣ್ಣಿನ ಪಾನಕವನ್ನು ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ತಣ್ಣಗೆ ಕೊಟ್ಟು ನೋಡಿದರು. ಬಿಸಿಯಾಗಿ ಕುಡಿದವರಿಗೆ ಮೂಗಿನ ಸೋರಿಕೆ, ಕೆಮ್ಮು, ಸೀನುಗಳಲ್ಲದೆ ಗಂಟಲುನೋವು, ಚಳಿ, ಆಯಾಸಗಳೂ ಕಡಿಮೆಯಾದವು. ತಣ್ಣಗೆ ಕುಡಿದವರಿಗೆ ಮೊದಲಿನ ಮೂರರಲ್ಲಿ ಮಾತ್ರ ಉಪಶಮನ ಕಂಡಿತು. ಮೂಗಿನೊಳಗೆ ಹರಿಯುವ ಗಾಳಿಯನ್ನು ಯಂತ್ರದಿಂದ ಅಳೆದಾಗ ಮಾತ್ರ ವ್ಯತ್ಯಾಸವೇನೂ ತೋರಲಿಲ್ಲ. ಎಂದರೆ, ಕಟ್ಟಿದ ಮೂಗು ಕಟ್ಟಿದಂತೆಯೇ ಇದ್ದರೂ ರೋಗಿಗೆ ಹಾಯೆನಿಸಿತು. ಬಿಸಿ, ಸಿಹಿ, ಹುಳಿ, ಖಾರಗಳು ಬಾಯಲ್ಲಿ ನೀರೂರಿಸಿ ಗಂಟಲನ್ನು ಒದ್ದೆಯಾಗಿಡುತ್ತವೆ. ಒಣ ಗಂಟಲಿನ ಕೆರೆತ ಇಳಿಯುತ್ತದೆ. ಜ್ವರದಿಂದ ದೇಹ ಕಳೆದುಕೊಂಡ ನೀರೂ ಒಳಗೆ ಸೇರುತ್ತದೆ. ನಮ್ಮ ಅಜ್ಜಿಯರು ಕಷಾಯವನ್ನು ಬಿಸಿಬಿಸಿಯಾಗಿಯೇ ಕುಡಿಯಬೇಕೆಂದು ಒತ್ತಾಯಿಸುತ್ತಿದ್ದುದರ ಹಿಂದೆ ಈ ಅನುಭವವೇ ಇದ್ದಿರಬೇಕು.

ಜೇನಿನ ಮಾತೂ ಹೀಗೆಯೇ. ೨೦೦೭ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಗಡಿ-ಕೆಮ್ಮುಗಳಿದ್ದ ೧೦೫ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮಲಗುವ ಮುನ್ನ ಜೇನು ತಿಂದ ಮಕ್ಕಳ ಕೆಮ್ಮು ಏನನ್ನೂ ತೆಗೆದುಕೊಳ್ಳದ ಮಕ್ಕಳಿಗಿಂತ ಹೆಚ್ಚು ಇಳಿದು, ಮನೆಯವರೆಲ್ಲರಿಗೂ ನಿದ್ರೆ ಬಂದಿತೆಂದು ತಾಯ್ತಂದೆಗಳು ತಿಳಿಸಿದರು.

ಕುದಿಸುವುದು, ನೆನೆಸುವುದು

ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದು ಕುದಿಸಿಬಿಟ್ಟರೆ ಕಷಾಯವಾಯಿತೆಂದು ಅನೇಕರ ಭಾವನೆ. ಆಯುರ್ವೇದವು ಇದರಲ್ಲಿ ವಿವೇಚನೆಯನ್ನು ತೋರಿದೆ. ಚರಕಸಂಹಿತೆಯಲ್ಲಿ ಐದು ಬಗೆಯ ಕಷಾಯಗಳ ಪ್ರಸ್ತಾಪವಿದೆ. ಅವುಗಳಲ್ಲಿ ನಮಗಿಲ್ಲಿ ಬೇಕಾದವು ಎರಡು: ಕುದಿಸಿ ಇಳಿಸುವ ಕ್ವಾಥ, ಬಿಸಿನೀರಿನಲ್ಲಿ ನೆನೆಸಿ ಸೋಸುವ ಫಾಂಟ. ಕ್ವಾಥಕ್ಕೆ ೧ ಪಾಲು ದ್ರವ್ಯ, ೧೬ ಪಾಲು ನೀರು ಎಂಬುದು ಶಾರ್ಙ್ಗಧರಸಂಹಿತೆಯ ಅಳತೆ. ಅದನ್ನು ಎಂಟರಲ್ಲೊಂದು ಪಾಲಿಗೆ ಇಳಿಸಬೇಕು. ಅದು ಔಷಧಿಯ ಹದ. ನೆಗಡಿಗೆ ಮನೆಯಲ್ಲಿ ಕುಡಿಯುವುದಕ್ಕೆ ಎರಡು ಲೋಟವನ್ನು ಒಂದು ಲೋಟಕ್ಕೆ ಇಳಿಸಿದರೆ ಸಾಕು.

ಬೇರು, ತೊಗಟೆ, ಕಾಳುಗಳಂಥ ಗಟ್ಟಿ ಪದಾರ್ಥಗಳು ಕುದಿದಲ್ಲದೆ ತಮ್ಮ ಸತ್ತ್ವವನ್ನು ಬಿಟ್ಟುಕೊಡವು. ಶುಂಠಿ, ಕಾಳುಮೆಣಸು, ದಾಲ್ಚಿನ್ನಿ, ಕೊತ್ತಂಬರಿ ಬೀಜಗಳು ಈ ಪಂಗಡದವು. ತುಳಸಿ, ಪುದೀನ, ದೊಡ್ಡಪತ್ರೆ, ಮಜ್ಜಿಗೆಹುಲ್ಲುಗಳ ಗುಣವಿರುವುದು ಅವುಗಳ ಪರಿಮಳದ ಎಣ್ಣೆಯಲ್ಲಿ. ಹೊತ್ತುಗಟ್ಟಲೆ ಕುದಿಸಿದರೆ ಆ ಎಣ್ಣೆ ಹಬೆಯೊಡನೆ ಹಾರಿಹೋಗುತ್ತದೆ. ಅಡಿಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಒಗರು ಉಳಿಯುತ್ತದೆ. ಆದುದರಿಂದ ಎಲೆಗಳನ್ನು ಒಲೆ ಆರಿಸಿದ ಮೇಲೆಯೇ ಹಾಕಿ ಮುಚ್ಚಳ ಮುಚ್ಚತಕ್ಕದ್ದು.

ನಾಲ್ಕು ಬಗೆಗಳು

ಶುಂಠಿ-ತುಳಸಿಯ ಕಷಾಯ: 'ಶುಂಠಿಯಿಲ್ಲದ ಕಷಾಯವಿಲ್ಲ' ಎಂಬುದು ಬಲ್ಲವರ ಮಾತು. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಹಸಿಶುಂಠಿಯನ್ನೂ ಐದಾರು ಕಾಳುಮೆಣಸನ್ನೂ ಜಜ್ಜಿ, ಎರಡು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಲೋಟವಾಗುವವರೆಗೆ ಕುದಿಸಿ. ಇಳಿಸಿದೊಡನೆ ಎಂಟು-ಹತ್ತು ತುಳಸಿ ಎಲೆಗಳನ್ನು ಹಾಕಿ ಹತ್ತು ನಿಮಿಷ ಮುಚ್ಚಿಡಿ. ಸೋಸಿ, ಕುಡಿಯುವಷ್ಟು ಬೆಚ್ಚಗಾದ ಮೇಲೆ ಒಂದು ಚಮಚ ಜೇನು, ನಾಲ್ಕು ಹನಿ ನಿಂಬೆರಸ ಬೆರೆಸಿ. ಹಸಿಶುಂಠಿಯ ಬದಲು ಒಣಶುಂಠಿಯನ್ನು ಹಾಕುವುದಾದರೆ ಅಳತೆಯನ್ನು ಕಡಿಮೆ ಮಾಡಿ. ಒಣಗಿದಾಗ ಶುಂಠಿಯೊಳಗಿನ ಸತ್ತ್ವ ಮಾರ್ಪಟ್ಟು ಖಾರ ಹೆಚ್ಚುತ್ತದೆ.

ಕೊತ್ತಂಬರಿ-ಜೀರಿಗೆಯ ಕಷಾಯ: ಉತ್ತರ ಕನ್ನಡದ ಹವ್ಯಕರ ಮನೆಗಳಲ್ಲಿ ಕಾಫಿಯ ಸ್ಥಾನವನ್ನು ಪಡೆದಿರುವ ಪಾನೀಯವಿದು. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಕಾಳುಮೆಣಸು ಅರ್ಧ ಪಾಲು, ಕೆಲವು ಮೆಂತ್ಯದ ಕಾಳು, ನಾಲ್ಕು ಏಲಕ್ಕಿ. ಇವನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವಂತೆ ಹುರಿದು, ಆರಿದ ಮೇಲೆ ಅರ್ಧ ಪಾಲು ಒಣಶುಂಠಿಯ ಪುಡಿಯನ್ನು ಸೇರಿಸಿ ಪುಡಿಮಾಡಿ, ಬಿಗಿಯಾದ ಡಬ್ಬಿಯಲ್ಲಿಡಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ರುಚಿಗೆ ಬೆಲ್ಲ ಹಾಕಿ ಐದು ನಿಮಿಷ ಕುದಿಸಿ. ಹಾಲನ್ನು ಬೇರೆ ಕಾಯಿಸಿಟ್ಟುಕೊಂಡು, ಕಷಾಯವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಬೆಲ್ಲದೊಡನೆ ಕುದಿಸಿದರೆ ಹಾಲು ಒಡೆಯುವುದುಂಟು. ಖಾರವನ್ನು ತಾಳದ ವೃದ್ಧರಿಗೂ ಮಕ್ಕಳಿಗೂ ಇದು ಹಿತ.

ದೊಡ್ಡಪತ್ರೆಯ ಕಷಾಯ: ಕರಾವಳಿಯಲ್ಲಿ ಸಾಂಬಾರಬಳ್ಳಿ ಎಂದು ಕರೆಯುವ ಈ ಗಿಡ ಒಂದು ಕಡ್ಡಿ ಚುಚ್ಚಿದರೆ ಕುಂಡದಲ್ಲಿ ಹಬ್ಬುತ್ತದೆ. ನಾಲ್ಕೈದು ಎಲೆಗಳನ್ನು ತೊಳೆದು, ಹರಿದು, ಕುದಿದ ಒಂದು ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಚಿಟಿಕೆ ಉಪ್ಪು ಅಥವಾ ಬೆಲ್ಲದೊಡನೆ ಕುಡಿಯಬಹುದು.

ಫ್ಲಾಸ್ಕಿನ ಕಷಾಯ: ಒಲೆಯಿಲ್ಲದ ಕೋಣೆಯವರಿಗೂ, ಪಾಳಿಯ ಕೆಲಸಕ್ಕೆ ಹೋಗುವವರಿಗೂ ಇದು ಅನುಕೂಲ. ಕೆಟಲಿನಲ್ಲಿ ಬರಿಯ ನೀರನ್ನೇ ಕುದಿಸಿ. ಪುಡಿ, ಬೆಲ್ಲ, ಹಾಲುಗಳನ್ನು ಅದರೊಳಗೆ ಹಾಕಬಾರದು. ತಳಹಿಡಿದು ಉಕ್ಕಿ ಕೆಟಲ್ ಕೆಡುತ್ತದೆ. ಫ್ಲಾಸ್ಕಿನ ತಳಕ್ಕೆ ಜಜ್ಜಿದ ಶುಂಠಿ, ಅರ್ಧ ಚಮಚ ಓಮ ಅಥವಾ ಒಂದು ಹಿಡಿ ಕತ್ತರಿಸಿದ ಮಜ್ಜಿಗೆಹುಲ್ಲು ಹಾಕಿ, ಕುದಿಯುವ ನೀರನ್ನು ಸುರಿದು ಮುಚ್ಚಿ. ಅರ್ಧ ಗಂಟೆಯಲ್ಲಿ ಕಷಾಯ ಸಿದ್ಧ. ಅಂದೇ ಮುಗಿಸಿ, ಫ್ಲಾಸ್ಕನ್ನು ತೊಳೆದಿಡಬೇಕು.

ಯಾವುದೇ ಕಷಾಯವಾಗಲಿ, ದಿನಕ್ಕೆ ಎರಡು ಲೋಟ ಸಾಕು. ಅದಕ್ಕೆ ಮೀರಿದರೆ ಎದೆಯುರಿ, ಹೊಟ್ಟೆಯುರಿಗಳು ಬರಬಹುದು. ನಾಲಿಗೆ ಸುಡುವಷ್ಟು ಬಿಸಿಯೂ ಬೇಡ. ೬೫ ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಬಿಸಿಯಾದ ಪಾನೀಯಗಳನ್ನು ನಿತ್ಯವೂ ಕುಡಿಯುವುದರಿಂದ ಅನ್ನನಾಳಕ್ಕೆ ಕ್ಯಾನ್ಸರಿನ ಅಪಾಯವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೬ರಲ್ಲಿ ಎಚ್ಚರಿಸಿದೆ.

ಮಿತಿಯರಿತು ಕುಡಿಯುವುದು

ಮನೆಯ ಮದ್ದಿನಿಂದ ಲಾಭವಾಗದಿದ್ದರೂ ನಷ್ಟವಿಲ್ಲವೆಂಬ ನಂಬಿಕೆ ಬಲವಾಗಿದೆ. ಅದನ್ನು ಪೂರ್ಣವಾಗಿ ಒಪ್ಪುವಂತಿಲ್ಲ.

೨೦೨೦ರಲ್ಲಿ ಕೋವಿಡ್ ಪಿಡುಗು ಬಂದಾಗ ಕೇಂದ್ರದ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಕುಡಿಯುವಂತೆ ಸೂಚಿಸಿತು. ಹೆದರಿದ ಜನ ಅಷ್ಟಕ್ಕೇ ನಿಲ್ಲಲಿಲ್ಲ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸೇವಿಸಿದವರು ಅನೇಕರು. ೨೦೨೧ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಸೇವಿಸುತ್ತಿದ್ದ ಆರು ಮಂದಿಯಲ್ಲಿ ಪಿತ್ತಜನಕಾಂಗಕ್ಕೆ ಹಾನಿಯಾದುದನ್ನು ವರದಿಮಾಡಿದರು. ಅದನ್ನೇ ಹೋಲುವ ಬೇರೊಂದು ಬಳ್ಳಿಯಿಂದ ಹೀಗಾಗಿರಬಹುದೆಂದು ಆಯುಷ್ ಸಚಿವಾಲಯ ವಾದಿಸಿತು. ಯಾವ ವಾದವನ್ನು ಒಪ್ಪಿದರೂ ಗೃಹಸ್ಥರಿಗೆ ದೊರೆಯುವ ಪಾಠ ಒಂದೇ: ಗುರುತು ಚೆನ್ನಾಗಿ ತಿಳಿಯದ ಬಳ್ಳಿ, ಬೇರುಗಳನ್ನು ಪಾತ್ರೆಗೆ ಹಾಕಬಾರದು, ವೈದ್ಯರು ಹೇಳದೆ ಯಾವ ಮೂಲಿಕೆಯನ್ನೂ ತಿಂಗಳುಗಟ್ಟಲೆ ಸೇವಿಸಬಾರದು.

ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು ೧೯೯೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ವಾರಸ್ಯಕರವಾಗಿದೆ. ಅರಿಸಿನದ ಸತ್ತ್ವವಾದ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತಕ್ಕೆ ಸೇರಿದ್ದು ಅತ್ಯಲ್ಪ. ಅದರೊಡನೆ ಕಾಳುಮೆಣಸಿನ ಸತ್ತ್ವವಾದ ಪೈಪರೀನನ್ನು ೨೦ ಮಿಲಿಗ್ರಾಂ ಕೊಟ್ಟಾಗ ಅದು ಸುಮಾರು ೨೦ ಪಟ್ಟು ಏರಿತು. ಅರಿಸಿನದ ಹಾಲಿಗೆ ಮೆಣಸು ಹಾಕುವ ಪದ್ಧತಿಗೆ ಇದು ಸಮರ್ಥನೆಯಾಯಿತೆಂದು ಸಂತೋಷಪಡಬಹುದು. ಆದರೆ ಇದೇ ಪೈಪರೀನ್ ವೈದ್ಯರು ಕೊಟ್ಟ ಕೆಲವು ಗುಳಿಗೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಆದುದರಿಂದ ನಿತ್ಯವೂ ಔಷಧಿ ಸೇವಿಸುವವರು, ಅದರಲ್ಲಿಯೂ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುವವರು, ಕಷಾಯದ ಸಂಗತಿಯನ್ನು ತಮ್ಮ ವೈದ್ಯರಿಗೆ ತಿಳಿಸಬೇಕು.

ಇನ್ನು ಕೆಲವು ಎಚ್ಚರಿಕೆಗಳು. ಜ್ಯೇಷ್ಠಮಧು ಗಂಟಲಿಗೆ ಹಿತವಾದರೂ ರಕ್ತದ ಒತ್ತಡವನ್ನು ಏರಿಸುತ್ತದೆ. ಅಂಥ ತೊಂದರೆಯಿದ್ದವರು ಅದನ್ನು ಬಿಡಬೇಕು. ಆಡುಸೋಗೆಯ ಸತ್ತ್ವದ ಅಧ್ಯಯನದಿಂದಲೇ ಬ್ರೋಮ್‌ಹೆಕ್ಸೀನ್ ಎಂಬ ಕಫಹಾರಿ ಔಷಧಿ ರೂಪುಗೊಂಡಿತೆಂಬುದು ಹೆಮ್ಮೆಯ ವಿಷಯ. ಆದರೆ ಅದು ಗರ್ಭಕೋಶವನ್ನು ಸಂಕೋಚಗೊಳಿಸಬಲ್ಲುದಾದ್ದರಿಂದ ಗರ್ಭಿಣಿಯರು ಮುಟ್ಟಬಾರದು. ಮಧುಮೇಹಿಗಳಿಗೆ ಬೆಲ್ಲ, ಜೇನುಗಳು ಸಕ್ಕರೆಯಷ್ಟೇ ವರ್ಜ್ಯ. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಲೂ ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಹಸುಳೆಯ ಕರುಳಿನಲ್ಲಿ ವಿಷವನ್ನು ಉಂಟುಮಾಡಬಲ್ಲದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಹಿಡಿಸುವುದನ್ನೂ ಬಿಡುವುದು ಲೇಸು. ಅದರಿಂದ ದೊರೆಯುವ ಗುಣ ಅನಿಶ್ಚಿತ. ಪಾತ್ರೆ ಮಗುಚಿದರೆ ಸುಡುವುದು ನಿಶ್ಚಿತ.

೨೦೨೫ರಲ್ಲಿ ಮಧ್ಯಪ್ರದೇಶದ ಛಿಂದವಾಡದಲ್ಲಿ ವಿಷಬೆರೆತ ಕೆಮ್ಮಿನ ಸಿರಪ್ಪನ್ನು ಕುಡಿದು ಎಳೆಯ ಮಕ್ಕಳು ಅಸುನೀಗಿದ ವಾರ್ತೆಯನ್ನು ಓದಿದ ತಾಯಂದಿರಿಗೆ ಅಂಗಡಿಯ ಸೀಸೆಗಳ ಬಗ್ಗೆ ಭಯ ಹುಟ್ಟಿರುವುದು ಸಹಜ. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧಿಗಳನ್ನು ಕೊಡಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವು ಬೇಡವೆಂದೂ ಕೇಂದ್ರ ಸರ್ಕಾರ ಆಗ ತಿಳಿಸಿತು. ಹಾಗೆಂದು ಹಸುಳೆಗೆ ಖಾರದ ಕಷಾಯವನ್ನು ಕುಡಿಸುವುದೂ ಸರಿಯಲ್ಲ. ಅದಕ್ಕೆ ತಾಯಿಯ ಹಾಲೇ ಕಷಾಯ.

ಲೋಟವನ್ನು ಕೆಳಗಿಟ್ಟು ವೈದ್ಯರ ಬಳಿಗೆ

ಕಷಾಯದಿಂದ ಆಗಬಹುದಾದ ದೊಡ್ಡ ಹಾನಿ ಅದರಲ್ಲಿ ಹಾಕಿದ ಪದಾರ್ಥಗಳಿಂದ ಬರುವುದಲ್ಲ; ಅದನ್ನು ನಂಬಿ ಕಳೆದುಕೊಂಡ ಸಮಯದಿಂದ ಬರುವುದು. ಫ್ಲೂ ಜ್ವರಕ್ಕೆ ಕೊಡುವ ಒಸೆಲ್ಟಮಿವಿರ್ ಔಷಧಿ ರೋಗ ಕಾಣಿಸಿದ ೪೮ ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲಕಾರಿ. ವೃದ್ಧರು, ಗರ್ಭಿಣಿಯರು, ಉಬ್ಬಸ-ಹೃದ್ರೋಗ-ಮಧುಮೇಹಗಳಿರುವವರು ಜ್ವರ ಬಂದೊಡನೆಯೇ ವೈದ್ಯರನ್ನು ಕಾಣುವುದು ಉಚಿತ. ಉಳಿದವರೂ ಜ್ವರ ಮೂರು ದಿನ ಮೀರಿದರೆ, ಇಳಿದ ಜ್ವರ ಮರುಕಳಿಸಿದರೆ, ಏದುಸಿರು ಬಂದರೆ, ಎದೆ ನೋಯತೊಡಗಿದರೆ, ಮಾತು ತೊದಲಿ ಮಂಕು ಕವಿದರೆ ತಡಮಾಡಬಾರದು. ಮಗುವಿನ ಪಕ್ಕೆ ಒಳಸೆಳೆಯುತ್ತಿದ್ದರೆ, ಹಾಲು-ನೀರು ಬೇಡವೆಂದರೆ, ಮೂತ್ರ ಕಡಿಮೆಯಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಮೂಗು ಸೋರದೆ, ಕೆಮ್ಮಿಲ್ಲದೆ, ಮೈಕೈ ಮುರಿಯುವಂತೆ ನೋಯಿಸುವ ಜ್ವರ ಬಂದರೆ ಅದು ಡೆಂಗಿಯಾಗಿರಬಹುದು. ೨೦೨೪ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ವಾಚಕರು ಬಲ್ಲರು. ಅಂಥ ಸಂದೇಹವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆಗಳನ್ನು ನುಂಗದೆ ರಕ್ತಪರೀಕ್ಷೆ ಮಾಡಿಸಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಷಾಯವಲ್ಲ, ಕಫಪರೀಕ್ಷೆ ಬೇಕು. ಕ್ಷಯವನ್ನು ಆರಂಭದಲ್ಲಿಯೇ ಕಂಡುಹಿಡಿದರೆ ಗುಣವಾಗುತ್ತದೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಲೋಹಕ್ಕೆ ಲೇಪ ಹಾಕುವ, ಉಜ್ಜಿ ಹೊಳಪುಕೊಡುವ ಕಾರ್ಖಾನೆಗಳು ಪೀಣ್ಯದಲ್ಲಿ ಬಹಳ. ಅಲ್ಲಿನವರು ಇನ್ನೊಂದನ್ನು ಗಮನಿಸಬೇಕು. ಭಾನುವಾರ ಇಳಿದು ಸೋಮವಾರ ಏರುವ ಕೆಮ್ಮು ನೆಗಡಿಯದಲ್ಲದೆ ಧೂಳು, ಆವಿಗಳದ್ದಾಗಿರಬಹುದು. ಅದನ್ನು ಶುಂಠಿಯಿಂದ ಅಡಗಿಸುವುದು ಬೇಡ. ವೈದ್ಯರಿಗೆ ತೋರಿಸಿ, ಮಾಡುವ ಕೆಲಸವನ್ನೂ ವಿವರವಾಗಿ ತಿಳಿಸಬೇಕು.

ಮತ್ತೊಂದು ದುರಭ್ಯಾಸದ ಬಗ್ಗೆ ಹೇಳದಿರಲಾಗದು. ರಜೆ ಸಿಗದ ಅವಸರದಲ್ಲಿ ಔಷಧಿಯಂಗಡಿಯಿಂದ ಆಂಟಿಬಯೋಟಿಕ್ ಗುಳಿಗೆಗಳನ್ನು ಕೊಂಡು ನುಂಗುವವರಿದ್ದಾರೆ. ಅವು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆಯೇ ಹೊರತು ವೈರಾಣುವನ್ನಲ್ಲ. ನೆಗಡಿಗೆ ಅವನ್ನು ನುಂಗಿದರೆ ಹಣವೂ ವ್ಯರ್ಥ. ಮುಂದೆ ನಿಜವಾಗಿ ಬೇಕಾದಾಗ ಅವು ನಾಟದಂತೆಯೂ ಆಗುತ್ತದೆ. ಆ ಗುಳಿಗೆಗೆ ಹೋಲಿಸಿದರೆ ಒಂದು ಲೋಟ ಕಷಾಯ ಎಷ್ಟೋ ಮೇಲು.

ಕಷಾಯದ ಜೊತೆಗಾರ

ಹಳೆಯ ಮನೆಗಳಲ್ಲಿ ಕಷಾಯ ಒಂಟಿಯಾಗಿ ಬರುತ್ತಿರಲಿಲ್ಲ. ಕುಡಿಸಿದ ಮೇಲೆ ಕಂಬಳಿ ಹೊದಿಸಿ ಮಲಗಿಸುತ್ತಿದ್ದರು. ಮಧ್ಯಾಹ್ನ ಗಂಜಿ, ರಾತ್ರಿ ಮೆಣಸಿನ ಸಾರಿನನ್ನ, ನಡುವೆ ನಿದ್ರೆ. ನಗರದ ಅಂಚಿನಲ್ಲಿ ಈಗ ಕಷಾಯ ಉಳಿದಿದೆ, ಜೊತೆಗಾರನಾದ ವಿಶ್ರಾಂತಿ ಕಾಣೆಯಾಗಿದೆ. ಮಲಗುವುದಕ್ಕಾಗಿ ಕುಡಿಯುತ್ತಿದ್ದ ಕಷಾಯವನ್ನು ಈಗ ಎದ್ದು ಕೆಲಸಕ್ಕೆ ಹೋಗುವುದಕ್ಕಾಗಿ ಕುಡಿಯುತ್ತಿದ್ದೇವೆ. ಗಂಟಲು ಹಗುರವಾಯಿತೆಂದು ಬಸ್ಸನ್ನೇರಿದವರು ಅಕ್ಕಪಕ್ಕದವರಿಗೆ ರೋಗವನ್ನು ಹಂಚಿ ಬರುತ್ತಾರೆ. ಆ ಅಕ್ಕಪಕ್ಕದವರಲ್ಲೊಬ್ಬರ ಮನೆಯಲ್ಲಿ ಎಂಬತ್ತು ವರ್ಷದ ತಾಯಿಯೋ ಮೂರು ತಿಂಗಳ ಕೂಸೋ ಇರಬಹುದು.

ಮನೆಯಿಂದಲೇ ಕೆಲಸ ಮಾಡಲು ಅವಕಾಶವಿರುವವರು ಆ ದಿನಗಳಲ್ಲಿ ಅದನ್ನು ಬಳಸಿಕೊಳ್ಳಲಿ. ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕರು ವೈದ್ಯರ ಪ್ರಮಾಣಪತ್ರ ಪಡೆದು ನಿಯಮದಂತೆ ಕಾಯಿಲೆಯ ದಿನಗಳಿಗೆ ಕೂಲಿಯ ಒಂದು ಭಾಗವನ್ನು ಕೇಳಬಹುದು. ಈ ಸೌಲಭ್ಯವನ್ನು ತಿಳಿಯದೆಯೇ ಜ್ವರದಲ್ಲಿ ಯಂತ್ರದ ಮುಂದೆ ನಿಲ್ಲುವವರಿದ್ದಾರೆ. ಹೋಗಲೇಬೇಕಾದವರು ಮುಖಕ್ಕೆ ಮಾಸ್ಕ್ ಧರಿಸಿ, ಕೈಯನ್ನು ಸೋಪಿನಿಂದ ಆಗಾಗ ತೊಳೆಯಲಿ. ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಫ್ಲೂ ಲಸಿಕೆಯ ಬಗ್ಗೆ, ಮನೆಯಲ್ಲಿ ಹಿರಿಯರಿರುವವರು ವೈದ್ಯರನ್ನು ವಿಚಾರಿಸಲಿ.

ಕೊನೆಯದಾಗಿ ಗೃಹಿಣಿಯರಲ್ಲಿಯೂ ಗೃಹಸ್ಥರಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮ ಕಟ್ಟಡದಲ್ಲಿಯೋ ಪಕ್ಕದ ಪಿ.ಜಿ.ಯಲ್ಲಿಯೋ ಊರು ಬಿಟ್ಟು ಬಂದ ಎಳೆಯರು ಇದ್ದೇ ಇರುತ್ತಾರೆ. ನೆಗಡಿ ಬಂದಾಗ ಅವರ ತಲೆದಿಂಬಿನ ಬಳಿ ಲೋಟವಿಡುವವರು ಯಾರೂ ಇರುವುದಿಲ್ಲ. ನಿಮ್ಮ ಮನೆಗೆ ಕಷಾಯ ಮಾಡುವ ದಿನ ಇನ್ನೆರಡು ಲೋಟ ನೀರನ್ನು ಹೆಚ್ಚಾಗಿ ಇಡಿ. ಅದಕ್ಕೆ ತಗಲುವ ಖರ್ಚು ಒಂದು ತುಂಡು ಶುಂಠಿ, ನಾಲ್ಕು ಮೆಣಸು. ಬಾಗಿಲು ತಟ್ಟಿ ಲೋಟವನ್ನು ಕೊಟ್ಟು, ಜ್ವರ ಎಷ್ಟು ದಿನದಿಂದ ಇದೆಯೆಂದು ಕೇಳಿ ಬನ್ನಿ.